ಹೂವಿಲ್ಲದ ಪಾತಿ

ಬೆಳಗಾಗುವ ಮುಂಚೆ ವಾಕಿಂಗ್ ಹೊರಡುವವರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಯಾಕಿರುತ್ತದೆ, ಹೇಳಿ?

ಗೊತ್ತಲ್ಲ... ಪಕ್ಕದವರ ಕಾಂಪೌಂಡಿನ ಹೂವಿಗೆ!

ಮೈಸೂರಿನ ಒಂದು ಬಡಾವಣೆ. ಅಲ್ಲಿ ವಾರಿಜಮ್ಮ ಅಂತ ಒಬ್ಬರು, ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು. ಯಜಮಾನರು ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಮನೆ ಮುಂದಿನ ಗಿಡಗಳು ಮಾತ್ರ.

ದಾಸವಾಳ, ನಂದಿಬಟ್ಟಲು, ಕಣಗಿಲೆ... ನೀರು ಹಾಕುವವರು ಇವರು, ಕೀಳುವವರು ಬೀದಿಯವರೆಲ್ಲ. ಕೇಳಿದರೆ "ದೇವರಿಗೇ ತಾನೆ" ಅನ್ನುವ ಉತ್ತರ. ದೇವರ ಹೆಸರು ಹೇಳಿದ ಮೇಲೆ ಜಗಳ ಆಡುವುದಾದರೂ ಹೇಗೆ?

ಜಗಳ ಆಡುವ ಶಕ್ತಿಯೂ ಅವರಲ್ಲಿರಲಿಲ್ಲ ಬಿಡಿ. ಕೂತರೆ ಏಳಲು ಬೇಸರ, ಎದ್ದರೆ ಮತ್ತೆ ಕೂರುವ ಆಸೆ... ಹಾಗಾಗಿತ್ತು ಅವರ ದಿನ.

ಈ ಸಲ ಒಂದು ಉಪಾಯ ಮಾಡಿದರು. ಹೂವಿನ ಗಿಡಗಳನ್ನೆಲ್ಲ ತೆಗೆಸಿ, ಬರೀ ಎಲೆಗಳ ಪಾತಿ ಮಾಡಿದರು.

ದಸರಾ ಹೊತ್ತಿಗೆ ಮಳೆ ಕಡಿಮೆಯಾಗಿ ಎಳೆ ಬಿಸಿಲು ಬೀಳುತ್ತದಲ್ಲ... ಆಗ ಕ್ರೋಟನ್ ಎಲೆಗೆ ಬರುವ ಬಣ್ಣ ನೋಡಬೇಕು!

ಹಿಂದೆ ಎತ್ತರಕ್ಕೆ ಕ್ರೋಟನ್, ಅದರ ಮುಂದೆ ಕೆಂಪು ದಂಟು, ಆಮೇಲೆ ಬಣ್ಣಬಣ್ಣದ ಮೆತ್ತನೆ ಎಲೆಯ ಕೋಲಿಯಸ್, ಅಂಚಿಗೆ ದೊಡ್ಡಪತ್ರೆ. ಕಡು ಬಣ್ಣದ ಪಕ್ಕ ತಿಳಿ ಬಣ್ಣ, ನುಣುಪು ಎಲೆಯ ಪಕ್ಕ ದಪ್ಪ ಎಲೆ. ಸೊಂಟ ನೋವಿದ್ದರೂ ಒಂದೊಂದನ್ನೂ ತಾವೇ ಕೂತು ನೆಟ್ಟರು.

ಬಡಾವಣೆಯ ಸಂಘದವರು ದಸರಾಗೆ ಕೈತೋಟದ ಸ್ಪರ್ಧೆ ಇಟ್ಟಿದ್ದರು. ವಾರಿಜಮ್ಮ ಹೆಸರು ಕೊಟ್ಟರು. ಇದೂ ಹಾಳಾದರೆ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿಬಿಡುವುದು ಅಂತ ಗಾರೆಯವನಿಗೂ ಹೇಳಿಟ್ಟರು.

ಎಲೆಯನ್ನು ಯಾರು ಕೀಳುತ್ತಾರೆ?

ಕಿತ್ತರು...

ದಿನಾ ಒಂದೊಂದು ಗಿಡದಿಂದ ಒಂದೊಂದು ಎಲೆ ಮಾಯ. ಒಂದು ಬೆಳಿಗ್ಗೆ ವಾರಿಜಮ್ಮ ಬಾಗಿಲ ಸಂದಿಯಲ್ಲಿ ಕಾದರು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ದಾಕ್ಷಾಯಣಿ! ಸೆರಗಿನಲ್ಲಿ ಎಲೆಗಳು.

ಬೈಯಬೇಕೆಂದೇ ಹೋದರು. ಆದರೆ ಬಾಯಿಂದ ಬಂದದ್ದು ಸುಸ್ತಾದ ಒಂದು ಮಾತು. "ಎಲೇನೂ ಬಿಡಲ್ವೇನಮ್ಮ ನೀವುಗಳು?"

ದಾಕ್ಷಾಯಣಿ ತಲೆ ತಗ್ಗಿಸಿದರು. ಆಮೇಲೆ ವಾರಿಜಮ್ಮನ ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು.

ಒಳಗೆ ಕುರ್ಚಿಯಲ್ಲಿ ಅವರ ಯಜಮಾನರು, ಮಹದೇವಯ್ಯ. ಸ್ಟ್ರೋಕ್ ಆಗಿತ್ತು. ಬಲಗೈ ಅಲ್ಪಸ್ವಲ್ಪ ಆಡುತ್ತಿತ್ತು, ಆದರೆ ಮುಟ್ಟಿದ್ದು ಏನೂ ತಿಳಿಯುತ್ತಿರಲಿಲ್ಲ.

ಬೇರೆಬೇರೆ ಬಟ್ಟೆ ಮುಟ್ಟಿಸಿ, ಸ್ಪರ್ಶ ಮರಳಬಹುದು ಅಂದಿದ್ದರಂತೆ ಥೆರಪಿಯವರು. ಆದರೆ ಬಟ್ಟೆ ತಂದರೆ ಮಹದೇವಯ್ಯ ಮುಖ ತಿರುಗಿಸಿಬಿಡುತ್ತಿದ್ದರು. ಆಯುಷ್ಯವೆಲ್ಲ ಬಟ್ಟೆ ಅಂಗಡಿಯಲ್ಲಿ ಕಳೆದವರು, ಕಣ್ಣು ಮುಚ್ಚಿ ಮುಟ್ಟಿ ಇದು ಇಂಥದ್ದೇ ಅನ್ನುತ್ತಿದ್ದವರು... ಅದೇ ಬೆರಳಿಗೆ ರೇಷ್ಮೆಯೂ ಗೋಣಿಯೂ ಒಂದೇ ಆದರೆ ಹೇಗೆ ಸಹಿಸಿಯಾರು? ಅದಕ್ಕೇ ದಾಕ್ಷಾಯಣಿ ಎಲೆ ತಂದು ಮುಟ್ಟಿಸುತ್ತಿದ್ದರು.

ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ ಅಂದರು ವಾರಿಜಮ್ಮ.

"ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗತ್ತೆ ಅಕ್ಕ. ಹೇಳಿದ್ರೆ ಬೀದಿಯೋರೆಲ್ಲ ಅಯ್ಯೋ ಪಾಪ ಅಂತ ನೋಡೋಕ್ ಬರ್ತಾರೆ. ಇವ್ರಿಗೆ ಅದು ಬ್ಯಾಡ."

ವಾರಿಜಮ್ಮ ಅವರ ಸೆರಗಿನಿಂದ ಒಂದು ಎಲೆ ಎತ್ತಿಕೊಂಡರು. "ಕಿತ್ತ ಎಲೆ ಬಾಡತ್ತಮ್ಮ. ನಾಳೆಯಿಂದ ಅವರನ್ನೇ ಕರ್ಕೊಂಡು ಬಾ. ಬೀದಿ ಏಳೋ ಮುಂಚೆ."

ಅಂದಿನಿಂದ ಮಹದೇವಯ್ಯ ಹೆಂಡತಿಯ ಭುಜ ಹಿಡಿದು ಬರುತ್ತಿದ್ದರು. ಪಾತಿಯ ಪಕ್ಕ ಸ್ಟೂಲ್ ಹಾಕಿ ಕೂರಿಸಿದರೆ ಸಾಕು, ಎಲೆ ಸವರುತ್ತಾ ಇರುವರು. ಕೈ ಹಿಡಿತದಲ್ಲಿರಲಿಲ್ಲವಲ್ಲ... ಎಲೆ ಹರಿಯಿತು, ದಂಟು ಮುರಿಯಿತು. ಮುಂದಿನ ಸಾಲು ಕುರಿ ಮೇಯ್ದಂತಾಯಿತು!

ತೀರ್ಪುಗಾರರು ಬಂದರು. ಹಿಂದಿನ ಸಾಲು ಚೆನ್ನಾಗಿದೆ, ಮುಂದೆ ಯಾಕೆ ಹೀಗೆ ಅಂತ ಕೇಳಿದರು. ವಾರಿಜಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಬಹುಮಾನ ಮೂಲೆ ಮನೆಯ ಚೆಂಡುಹೂವಿಗೆ ಹೋಯಿತು. ಗಾರೆಯವನು ಫೋನ್ ಮಾಡಿದಾಗ, ಈಗ ಬೇಡಪ್ಪ ಅಂದು ಇಟ್ಟರು.

ದಸರಾ ಕಳೆದು ದೀಪಾವಳಿ ಹತ್ತಿರ ಬಂತು. ಬೆರಳಿಗೆ ಮಾತ್ರ ಏನೂ ತಿಳಿಯಲಿಲ್ಲ. ದಾಕ್ಷಾಯಣಿಯೂ ಸೋತು ಹೋಗಿದ್ದರು. ನಾಳೆಯಿಂದ ಬರುವುದಿಲ್ಲ ಅಕ್ಕ, ನಿಮ್ಮ ಗಿಡವಾದರೂ ಉಳಿಯಲಿ ಅಂದುಬಿಟ್ಟರು.

ಸುಮ್ಮನೆ ಬಾರಮ್ಮ ಅಂದರು ವಾರಿಜಮ್ಮ.

ಮರುದಿನ ಮಹದೇವಯ್ಯ ಎಂದಿನಂತೆ ಕಣ್ಣು ಮುಚ್ಚಿ ಸವರುತ್ತಾ ಕೂತಿದ್ದರು. ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು... ಮತ್ತೆ ಅದೇ ಎಲೆಯನ್ನು ಸವರಿತು.

"ದಾಕ್ಷಾಯಣೀ... ಇದು ಮಖಮಲ್ಲು."

ಇಬ್ಬರೂ ಹೆಂಗಸರು ನೋಡಿದರು. ಅವರ ಬೆರಳ ಕೆಳಗಿದ್ದದ್ದು ಕೋಲಿಯಸ್ ಎಲೆ.

ದಾಕ್ಷಾಯಣಿ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು. ವಾರಿಜಮ್ಮ ಅವರನ್ನು ತಬ್ಬಿಕೊಂಡು, ಗಂಡ ಹೋದಾಗಲೂ ಅಳದಷ್ಟು ಜೋರಾಗಿ ಅತ್ತರು.

*ನಾವು ಚೆಂದಕ್ಕೆ ಅಂತ ಬೆಳೆಸಿದ್ದು, ಇನ್ನೊಬ್ಬರ ಬದುಕಿಗೆ ಬೇಕಾಗಿರಬಹುದು.*

ನಿಮ್ಮ ಗಿಡಕ್ಕೆ ಯಾರಾದರೂ ಕೈ ಹಾಕಿದರೆ... ಬೈಯುವ ಮುಂಚೆ ಒಂದು ಸಲ "ಯಾಕಮ್ಮಾ?" ಅಂತ ಕೇಳುತ್ತೀರಾ?