ಠಾಣೆಯಲ್ಲೇ ಉಳಿದ ಕೋವಿ

ಆಯುಧಪೂಜೆಗೆ ಇನ್ನು ಮೂರೇ ದಿನ ಇತ್ತು. ಠಾಣೆಯ ಹಿಂದಿನ ಕೋಣೆಯಲ್ಲಿ ಒಂದೇ ಒಂದು ಕೋವಿ ಉಳಿದಿತ್ತು, ಅದನ್ನು ಕಂಡರೆ ಹೆಡ್ ಕಾನ್‌ಸ್ಟೇಬಲ್ ಶಿವಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ತೊಂಬತ್ತೊಂಬತ್ತರ ಚುನಾವಣೆ ಬಂತೆಂದು ಸುತ್ತಲಿನ ಕಾಫಿ ಬೆಳೆಗಾರರೆಲ್ಲ ಕಾನೂನಿನಂತೆ ತಂದೊಪ್ಪಿಸಿದ್ದ ಕೋವಿಗಳು ಮತ ಎಣಿಕೆ ಮುಗಿದ ಮಾರನೇ ದಿನದಿಂದಲೇ ಮನೆ ಸೇರತೊಡಗಿದ್ದವು. ಗದ್ದೆಗೆ ಹಂದಿ ಬಿದ್ದಿದೆ, ಏಲಕ್ಕಿಗೆ ಮಂಗ ನುಗ್ಗಿದೆ ಎಂದು ರಾಗ ಎಳೆಯುತ್ತ ಬಂದವರು, ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕವರಂತೆ ಕೋವಿ ಅಪ್ಪಿಕೊಂಡು ಹೋಗಿದ್ದರು. ಹಬ್ಬದ ದಿನ ಕೋವಿಗೆ ಕುಂಕುಮ ಇಡದಿದ್ದರೆ ಆ ಮನೆಯ ಮಾನ ಮೂರು ಕಾಸು. ಆದರೆ ಕುಂದೂರು ಕಡೆಯ ಚಂದ್ರಶೇಖರ ಮಾತ್ರ ಎರಡು ಸಲ ಹೇಳಿಕಳಿಸಿದರೂ ಪತ್ತೆಯಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪೊಲೀಸ್ ಕಣ್ಣಿನ ಕಥೆಯೂ ಅದೇ. ಜೋಡಿ ನಳಿಗೆಯ ಅಪ್ಪಟ ಕೋವಿ ಒಬ್ಬನಿಗೆ ಬೇಡವಾಗಿದೆ ಅಂದರೆ ಅವನ ಅಟ್ಟದ ಮೇಲೆ ಲೈಸೆನ್ಸ್ ಇಲ್ಲದ ಇನ್ನೊಂದು ಇದೆ ಎಂದೇ ಅರ್ಥ. ಶಿವಯ್ಯ ಮೂರನೇ ಸಲ ಹೇಳಿಕಳಿಸುವಾಗ, ನೀವು ಬರದಿದ್ದರೆ ನಾವೇ ಬರುತ್ತೇವೆ ಎಂಬ ಮಾತನ್ನೂ ಸೇರಿಸಿದ.

ಮಾರನೇ ಬೆಳಿಗ್ಗೆ ಬಂದವನ ಗುರುತೇ ಹತ್ತಲಿಲ್ಲ. ಇಸ್ತ್ರಿ ಅಂಗಿಯಿಲ್ಲದೆ ಮನೆಯ ಗೇಟು ದಾಟದ ಚಂದ್ರಶೇಖರ ವಾರದ ಗಡ್ಡ, ಗುಂಡಿ ತಪ್ಪಿದ ಅಂಗಿಯಲ್ಲಿ ಬೆಂಚಿನ ತುದಿಗೆ ಕೂತ. ಸಹಿ ಹಾಕಿ ತಗೊಂಡು ಹೋಗಿ ಎಂದು ಶಿವಯ್ಯ ರಿಜಿಸ್ಟರ್ ತಳ್ಳಿದರೆ, ಇನ್ನಷ್ಟು ದಿನ ಇಲ್ಲೇ ಇರಲಿ ಎಂದ. ಇದೇನು ನಿಮ್ಮ ಮಾವನ ಮನೆಯೇ, ಸರ್ಕಾರ ಇಟ್ಟುಕೊಳ್ಳಿ ಅಂದಿದೆಯೇ ಹೊರತು ಸಾಕಿಕೊಳ್ಳಿ ಅಂದಿಲ್ಲ, ಬೇಕಿದ್ದರೆ ಕಾರಣ ಬರೆದು ಅರ್ಜಿ ಕೊಡಿ ಎಂದು ಶಿವಯ್ಯ ಹಾಳೆ ಎಸೆದ. ಹತ್ತು ನಿಮಿಷ ಕಳೆದರೂ ಚಂದ್ರಶೇಖರನ ಪೆನ್ನು ‘ಮಾನ್ಯರೇ’ ದಾಟಿ ಮುಂದೆ ಹೋಗಲಿಲ್ಲ.

“ಚಂದ್ರಣ್ಣ, ನಿಜ ಹೇಳ್ಬುಡಿ. ಮನೇಲಿ ಇನ್ನೊಂದು ಕಳ್ಳಕೋವಿ ಐತೆ ತಾನೆ?”

“ಇಲ್ಲ ಶಿವಯ್ಯನೋರೆ. ಇದ್ದಿದ್ದು ಅದೊಂದೇ. ಅದೂ ಮನೇಲಿಲ್ಲ ಅಂತ ನೆನೆಸ್ಕಂಡ್ರೇನೇ ನಂಗೆ ಒಂಚೂರು ಧೈರ್ಯ.”

“ಅಂಥಾ ಭಯ ಯಾರ್ದು ನಿಮ್ಗೆ?”

“ನಂದೇ.”

ಆಮೇಲೆ ಅವನು ನೆಲ ನೋಡುತ್ತಲೇ ಹೇಳಿದ. ಎರಡು ತಿಂಗಳಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಬಾಯಿಗಿಟ್ಟ ಅನ್ನ ಹುಲ್ಲು ಅಗಿದಂತಾಗುತ್ತದೆ. ತೋಟಕ್ಕೆಂದು ಹೊರಟವನು ಅರ್ಧ ದಾರಿಗೆ ವಾಪಸು ಬಂದು ಮಲಗುತ್ತಾನೆ. ಹೆಂಡತಿ ಪಾರ್ವತಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು. ನೆಂಟರು ಸಾಲಾಗಿ ಬಂದು ನಿನಗೇನು ಕಮ್ಮಿ ಎಂದು ಕೇಳಿ, ಕಾಫಿ ಕುಡಿದು ಹೋದರು. ಏನು ಕಮ್ಮಿಯೆಂದು ಅವನಿಗೂ ಗೊತ್ತಿಲ್ಲ, ಅದೇ ಇನ್ನೂ ದೊಡ್ಡ ನಾಚಿಕೆ. ಈಗ ಪಾರ್ವತಮ್ಮ ಹಬ್ಬಕ್ಕೆ ಕೋವಿ ತನ್ನಿ ಎಂದು ದಿನವೂ ಬೆನ್ನು ಹತ್ತಿದ್ದಾಳೆ.

ನಿಮಗೇನ್ರೀ ಕಮ್ಮಿ ಎಂಬ ಮಾತು ಶಿವಯ್ಯನ ನಾಲಿಗೆಯ ತುದಿಗೂ ಬಂದಿತ್ತು. ಅಲ್ಲೇ ನಿಂತಿತು. ಚಂದ್ರಶೇಖರ ಹೇಳಿದ್ದನ್ನೆಲ್ಲ ಅವನು ಮೊದಲೇ ಎಷ್ಟೋ ಸಲ ಕೇಳಿದ್ದ. ಕೇಳುವುದೇನು, ಶವದ ಪಂಚನಾಮೆಗಳಲ್ಲಿ ತನ್ನ ಕೈಯಾರೆ ಬರೆದಿದ್ದ. ನಿದ್ದೆ ಮಾಡುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಮಂಕಾಗಿ ಕೂತಿರುತ್ತಿದ್ದ. ಹೇಳುತ್ತಿದ್ದವರು ಅಳುವ ಹೆಂಡತಿ, ಇಲ್ಲವೇ ಅಣ್ಣ, ಇಲ್ಲವೇ ಪಕ್ಕದ ಮನೆಯವರು. ಹೇಳಬೇಕಾದ ಮನುಷ್ಯ ಅಲ್ಲೇ ಬಟ್ಟೆ ಹೊದ್ದು ಮಲಗಿರುತ್ತಿದ್ದ. ಆ ಮನುಷ್ಯನೇ ಎದ್ದು ಬಂದು ಬೆಂಚಿನ ಮೇಲೆ ಕೂತು ಹೇಳುತ್ತಿರುವುದು ಇದೇ ಮೊದಲು. ಕಳ್ಳರಿಗೆ, ಕುಡುಕರಿಗೆ, ಶಾಸಕರಿಗೆ ಹೆದರದ ಶಿವಯ್ಯನಿಗೆ ನಿಜವಾಗಿ ಹೆದರಿಕೆಯಾಯಿತು.

ಅರ್ಜಿಯನ್ನು ತಾನೇ ಬರೆದು ಸಹಿ ಹಾಕಿಸಿಕೊಂಡ. ಪಾರ್ವತಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ, ಮಧ್ಯಾಹ್ನದೊಳಗೆ ಹಾಸನದ ಆಸ್ಪತ್ರೆಗೆ ಬಾ ತಾಯಿ ಎಂದ. ಅಲ್ಲಿ ಮನಸ್ಸಿನ ಡಾಕ್ಟರಿದ್ದಾರೆ ಎಂದದ್ದೇ ತಡ, ನಾನು ಹುಚ್ಚನಲ್ಲ ಎಂದು ಚಂದ್ರಶೇಖರ ಬೆಂಚನ್ನು ಗಟ್ಟಿಯಾಗಿ ಹಿಡಿದ. ಹುಚ್ಚರು ಠಾಣೆಗೆ ಬಂದು ಅರ್ಜಿ ಕೊಡುವುದಿಲ್ಲ ಎಂದ ಶಿವಯ್ಯ. ನಮ್ಮ ಪೇದೆಯೊಬ್ಬನಿಗೂ ಹೀಗೇ ನಿದ್ದೆ ಹೋಗಿತ್ತು. ಅದೇ ಡಾಕ್ಟರ ಮಾತ್ರೆ ನುಂಗಿ ಈಗ ಪಹರೆಯಲ್ಲಿ ನಿಂತೇ ಗೊರಕೆ ಹೊಡೆಯುತ್ತಾನೆ, ಸಾಹೇಬರಿಗೆ ಅವನದೇ ಒಂದು ತಲೆನೋವು ಎಂದು ಸೇರಿಸಿದ. ಎರಡು ತಿಂಗಳಲ್ಲಿ ಮೊದಲ ಸಲ ಚಂದ್ರಶೇಖರನ ತುಟಿ ನಗುವಂತೆ ಸ್ವಲ್ಪ ಅಲುಗಿತು. ಅದು ಮತ್ತೆ ಬಿಗಿಯುವ ಮೊದಲೇ ಶಿವಯ್ಯ ಅವನನ್ನು ಎಬ್ಬಿಸಿಕೊಂಡು ಹೊರಟ.

ಬಾಳ್ಳುಪೇಟೆಯಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ತೋಟದ ಶಾಂತಮಲ್ಲಪ್ಪ ಎದುರಾದ. ಖಾಕಿಯ ಪಕ್ಕ ಚಂದ್ರಶೇಖರನನ್ನು ಕಂಡು, ಏನು ಸಮಾಚಾರ ಎಂದು ಕಣ್ಣರಳಿಸಿದ. ಏನು ಹೇಳಲಿ ಎಂದು ಶಿವಯ್ಯ ಇನ್ನೂ ಯೋಚಿಸುತ್ತಿದ್ದ.

“ತೋಟದಲ್ಲಿ ಬೀಟೆ ಮರ ಕಡಿಸ್ಬುಟ್ಟಿದ್ದೆ ಕಣಣ್ಣ. ಕೇಸಾಗೈತೆ,” ಎಂದ ಚಂದ್ರಶೇಖರ, ಥಟ್ಟನೆ.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಮಾಡಿದ ತಪ್ಪನ್ನು ಇಲ್ಲವೆಂದವರನ್ನು ಶಿವಯ್ಯ ಸಾವಿರ ಜನ ಕಂಡಿದ್ದ. ಮಾಡದ ತಪ್ಪನ್ನು ಇಷ್ಟು ಆತುರದಿಂದ ಒಪ್ಪಿಕೊಂಡವನು ಇವನೊಬ್ಬನೇ.

ಶಾಂತಮಲ್ಲಪ್ಪನ ಮುಖ ತಿಳಿಯಾಯಿತು. ಚಂದ್ರಶೇಖರನ ಬೆನ್ನು ತಟ್ಟಿ ಹೇಳಿದ:

“ಅಷ್ಟೇನಾ ಮಾರಾಯ. ಎರಡು ತಿಂಗ್ಳಿಂದ ನೀನು ಮಂಕಾಗಿರೋದು ನಾವೆಲ್ಲ ನೋಡ್ತಾನೇ ಇದ್ವಿ. ತಲೆಗೇನಾರ ಆಗೋಯ್ತೇನೋ ಅಂತ ಹೆದ್ರಿ, ಒಬ್ರೂ ನಿನ್ನ ಕೇಳಕ್ಕೇ ಹೋಗ್ಲಿಲ್ಲ.”