ಹದಿನೇಳನೇ ನಂಬರಿನ ಅಂಗಡಿ

ಫಾರ್ಮಿನಲ್ಲಿ ಒಂದೇ ಒಂದು ಖಾನೆ ಖಾಲಿ ಉಳಿದಿತ್ತು: ಅಂಗಡಿಯ ಹೆಸರು. ಅದನ್ನು ಹೇಳದೆ ರಾಮೋನ್ ಕತ್ತರಿ ಹಿಡಿದು ಜಾನ್ವಿಯ ಬೆನ್ನ ಹಿಂದೆ ನಿಂತಿದ್ದರು.

ಅವರು ಮೇಲಿನ ಮನೆಯ ನರ್ಸಿನ ತಂದೆ. ಮಗಳನ್ನು ನೋಡಲು ಕ್ಯೂಬಾದಿಂದ ಇಟಲಿಯ ಲೊಂಬಾರ್ಡಿಗೆ ಬಂದಿದ್ದ ಎಪ್ಪತ್ತರ ಕ್ಷೌರಿಕ. ಜಾನ್ವಿಗೆ ಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಶ್ ಬರುತ್ತಿತ್ತು. ಅಂಗಡಿ ವಹಿಸಿಕೊಳ್ಳುವ ಫಾರ್ಮನ್ನು ಅವಳು ತುಂಬಿಕೊಡುವುದು, ಅವರು ಅವಳ ಕೂದಲು ಕತ್ತರಿಸಿಕೊಡುವುದು ಎಂದು ಮಾತಾಗಿತ್ತು. ಇವತ್ತು ಐದು ಗಂಟೆಯೊಳಗೆ ಕಳಿಸದಿದ್ದರೆ ಅವರು ದುಡಿದ ಸರ್ಕಾರಿ ಅಂಗಡಿ ಇನ್ಯಾರದೋ ಪಾಲಾಗುತ್ತಿತ್ತು.

"ಇಷ್ಟು ದಿನ ಅಂಗಡಿಗೆ ಹೆಸರೇ ಇರ್ಲಿಲ್ವಂತಾ? ಕೇಳೇ," ಎಂದಳು ಜಾನ್ವಿಯ ಅಮ್ಮ ಕೌಸಲ್ಯಾ, ಹುರುಳಿಕಾಯಿಯ ನಾರು ತೆಗೆಯುತ್ತ.

"ಬರೀ ನಂಬರ್ ಅಂತಮ್ಮ. ಸೆವೆಂಟೀನ್. ಈಗ ಗವರ್ನಮೆಂಟ್ ಸ್ವಲ್ಪ ಸ್ವಲ್ಪನೇ ಬಿಟ್ಕೊಡ್ತಿದೆ. ಫಸ್ಟು, ರೇಟ್ ನೀವೇ ಹಾಕ್ಕೊಳಿ ಅಂದ್ರಂತೆ. ಆಮೇಲೆ ಕುರ್ಚಿ, ಕನ್ನಡಿ. ಈಗ ನೇಮ್."

"ಇಷ್ಟು ಬಿಟ್ಕೊಡೋಕೆ ಎಷ್ಟು ವರ್ಷ ಹಿಡೀತಂತೆ?"

"ಫಿಫ್ಟೀನ್."

"ನಮ್ಮೂರ ಮೆಟ್ರೋ ಕೆಲಸನೇ ವಾಸಿ."

"ಅಮ್ಮಾ, ಅದನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ರಾಮೋನ್ ಜೇಬಿನಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ನೀಲಿ ಗೋಡೆ, ಅದರ ಮೇಲೆ 17. ಅಂಗಡಿ ಮೊದಲು ಅವರ ಅಪ್ಪನದಾಗಿತ್ತು. 'ಅನ್ಸೆಲ್ಮೊ' ಎಂದು ಗೋಡೆಯ ತುಂಬ ಅಪ್ಪನ ಹೆಸರಿತ್ತು. ರಾಮೋನ್‌ಗೆ ಹನ್ನೆರಡು ವರ್ಷವಾಗಿದ್ದಾಗ ಸರ್ಕಾರ ಅಂಗಡಿಯನ್ನು ತೆಗೆದುಕೊಂಡು, ಹೆಸರಿನ ಮೇಲೆ ನೀಲಿ ಬಳಿದು ನಂಬರು ಬರೆಯಿತು. ಅಪ್ಪ ಅಲ್ಲೇ ನೌಕರನಾದ, ಅಪ್ಪನ ನಂತರ ಮಗ. ಮಳೆಗೆ ಬಣ್ಣ ಏಳುತ್ತಿತ್ತು. ಪ್ರತಿ ಜನವರಿಯಲ್ಲಿ ರಾಮೋನ್ ಅದರ ಮೇಲೆ ಮತ್ತೆ ನೀಲಿ ಹಚ್ಚುತ್ತಿದ್ದರು. ಅದೂ ಅವರ ಕೆಲಸವೇ.

ಕೌಸಲ್ಯಾ ಕೈ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದಳು. ನೀಲಿ ಎದ್ದುಹೋದ ಕಡೆ ಕೆಂಪು ಅಕ್ಷರಗಳು ಇಣುಕುತ್ತಿದ್ದವು: ಎ, ಎನ್, ಎಸ್.

"ಈ ವರ್ಷ ಬಣ್ಣ ಸಿಗ್ಲಿಲ್ವಾ, ಇಲ್ಲ ಇವರೇ ಹಚ್ಲಿಲ್ವಾ?"

ಜಾನ್ವಿ ಕೇಳಿದಳು. ರಾಮೋನ್ ಕತ್ತರಿಯನ್ನು ಪಂಚೆಯಂಥ ಬಿಳಿ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿ, ಎರಡು ಮಾತು ಹೇಳಿದರು.

"ಬಣ್ಣ ಸಿಕ್ಕಿತ್ತಂತೆ."

"ಮತ್ತಿನ್ನೇನು, ಅಪ್ಪನ ಹೆಸರೇ ಹಾಕಿ ಕಳಿಸ್ಲಿ. ಐದಕ್ಕೆ ಹತ್ತೇ ನಿಮಿಷ ಇದೆ."

"ಭಯ ಅಂತೆ ಅಮ್ಮ. ಹೆಸರು ಕೊಟ್ಮೇಲೆ ಮತ್ತೆ ವಾಪಸ್ ತಗೊಂಡ್ರೆ? ಎರಡನೇ ಸಲ ಅದರ ಮೇಲೆ ಬಣ್ಣ ಹಚ್ಚೋಕೆ ಆಗಲ್ವಂತೆ."

ರಾಮೋನ್ ಕತ್ತರಿ ಕೆಳಗಿಟ್ಟು, ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಮೂರು ಅಕ್ಷರ ಒತ್ತಿದರು. ಎ, ಎನ್, ಎಸ್. ಇನ್ನೂ ನಾಲ್ಕು ಉಳಿದಿದ್ದವು: ಇ, ಎಲ್, ಎಮ್, ಓ. ಅಷ್ಟಕ್ಕೇ ನಿಲ್ಲಿಸಿ ಫಾರ್ಮ್ ಕಳಿಸಿಬಿಟ್ಟರು. ಆಮೇಲೆ ಏನೋ ಹೇಳುತ್ತ ಕತ್ತರಿ ಎತ್ತಿಕೊಂಡರು.

"ಏನಂದ್ರೇ?" ಎಂದಳು ಕೌಸಲ್ಯಾ.

ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಕೂದಲಿನ ಜಾನ್ವಿ ಪರದೆಯನ್ನೇ ನೋಡುತ್ತಿದ್ದಳು.

"ಗೋಡೆ ಎಷ್ಟು ತೋರಿಸಿದೆಯೋ ಅಷ್ಟೇ ಅಂತೆ. ಮಿಕ್ಕಿದ್ದಕ್ಕೆ ಇನ್ನೊಂದ್ ನಾಲ್ಕು ಮಳೆಗಾಲ ಆಗ್ಲಿ ಅಂತಾರೆ."