ಪಂಕ್ತಿಯಿಂದ ಏಳದವಳು

ಶಾಲೆಯ ಬಿಸಿಯೂಟದ ತಪಾಸಣೆಗೆ ತಾಲ್ಲೂಕು ಕಚೇರಿಯಿಂದ ಬಂದ ಮೇಡಂ ಬಾಗಿಲಲ್ಲೇ ನಿಂತರು. ಪಂಕ್ತಿಯ ನಡುವೆ ಕೂತಿದ್ದ ಹುಡುಗಿಯೊಬ್ಬಳನ್ನು ಹೆಡ್ಮಾಸ್ತರರು ಎಬ್ಬಿಸುತ್ತಿದ್ದರು.

"ಏಳವ್ವ. ನಿನಗ ಇಲ್ಲಿ ಊಟ ಇಲ್ಲಂತ ಎಷ್ಟು ಸಲ ಹೇಳ್ಬೇಕು?"

"ಹಸಿವಾಗೇತ್ರಿ ಸರ್. ಉಂಡೇ ಏಳ್ತೀನಿ."

ಹುಡುಗಿಯ ತೋಳು ಕಡ್ಡಿಯಂತಿದ್ದರೂ ದನಿ ಗಟ್ಟಿಯಾಗಿತ್ತು. ಅಡುಗೆಯ ನೀಲವ್ವ ಏನೂ ಕೇಳಿಸದವಳಂತೆ ಬಂದು, ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದು ಮುಂದೆ ಹೋದಳು.

ಮೇಡಂಗೆ ಸಿಟ್ಟು ಬಂತು. "ಬೆಳೆಯೋ ಹುಡುಗಿಯ ಊಟ ಯಾಕೆ ತಪ್ಪಿಸ್ತೀರಿ?"

"ಹೋದ ವರ್ಷದ ತನಕ ನಾನೇ ಕರೆದು ಕೂಡಿಸ್ತಿದ್ದೆನ್ರಿ ಮೇಡಂ. ಈಗ ಕೊಟ್ರ ಮೇಲಿನವರು ನನ್ನ ಕೇಳ್ತಾರ." ಹೆಡ್ಮಾಸ್ತರರ ಮುಖ ಬಾಡಿತು.

ಮೇಡಂ ಹುಡುಗಿಯ ಎದುರು ನೆಲದ ಮೇಲೆ ಕೂತರು.

"ಮುಂಜಾನೆ ಏನು ತಿಂದೆ?"

"ಚಾ ಕುಡಿದೇನ್ರಿ. ಅವ್ವ ಹೊತ್ತು ಮೂಡೂದ್ರಾಗ ಕೂಲಿಗೆ ಹೋಗ್ತಾಳ."

"ಯಾರಿಗಾದ್ರೂ ಹೊಡೆದೆಯೇನು?"

"ಇಲ್ರಿ."

"ಏನಾದ್ರೂ ಕದ್ದೆಯಾ?"

"ಅವ್ವನ ಆಣಿ, ಇಲ್ರಿ."

"ಮತ್ತೆ ಊಟ ನಿಲ್ಲಿಸುವಂಥ ತಪ್ಪೇನು ಮಾಡಿದೆ?"

ಹುಡುಗಿ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದಳು. ಮೇಡಂ ಮುಖವನ್ನು ನೇರವಾಗಿ ನೋಡಿದಳು.

"ಹತ್ತನೇ ಕ್ಲಾಸ್ ಪಾಸಾದೆನ್ರಿ. ಫೇಲಾಗಿ ಮತ್ತ ಅದೇ ಕ್ಲಾಸಿನ್ಯಾಗ ಕೂತಿರೋ ನನ್ನ ಗೆಳತಿಗೆ ದಿನಾ ಊಟ ಐತಿ, ಪಾಸಾಗಿ ಈ ಪಕ್ಕದ ಕಾಲೇಜಿಗೆ ಹೋದ ನನಗಿಲ್ಲ."